ನನ್ನ ಹೆಸರಿನ ಗುಳಿಗೆ

ಜೂನ್ ೧೮, ೧೯೭೮. ಭಾನುವಾರ

ನಮ್ಮ ನಾಯಿ ಭೂರ್ಯಾ ಇವತ್ತು ಮತ್ತೆ ಬಿದ್ದ. ಅಂಗಳದಲ್ಲಿ ಎಳೆಬಿಸಿಲಿಗೆ ಮೈಯೊಡ್ಡಿ ನಿಂತವನು ಯಾರೋ ಕಾಲು ಎಳೆದಂತೆ ಪಕ್ಕಕ್ಕೆ ಉರುಳಿದ. ನಾಲ್ಕೂ ಕಾಲು ಕಟ್ಟಿಗೆಯಂತೆ ಸೆಟೆದವು, ಬಾಯಲ್ಲಿ ನೊರೆ. ಆಮೇಲೆ ಮಲಗಿದಲ್ಲೇ ಓಡತೊಡಗಿದ. ಎಲ್ಲಿಗೆ ಓಡುತ್ತಿದ್ದನೋ ಪಾಪ. ಎದ್ದ ಮೇಲೆ ನನ್ನ ಗುರುತೇ ಹತ್ತಲಿಲ್ಲ. ಗೋಡೆಗೆ ಹೋಗಿ ಹಾಯ್ದ, ಬಕೆಟ್ಟಿನ ನೀರೆಲ್ಲ ಕುಡಿದ, ಕೊನೆಗೆ ಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿದ.

ಓಣಿಯವರು ಬೇಲಿಯಾಚೆ ನಿಂತು ನೋಡಿದರು. ಒಬ್ಬರು, "ಹುಚ್ಚ ಹಿಡದದ. ಮಕ್ಕಳು ಮರಿ ಓಡಾಡ್ತಾವ, ಹೊಡದು ಹಾಕ್ರಿ" ಅಂದರು. ಅಪ್ಪ ಬಾಗಿಲಿಗೆ ಅಡ್ಡ ನಿಂತರು. ನಾಲ್ಕು ವರ್ಷದ ಹಿಂದೆ ಮಾಣಿಕಪ್ರಭು ಮಠದ ಹತ್ತಿರದ ನಮ್ಮ ಕಾಯಿ-ಕರ್ಪೂರದ ಅಂಗಡಿಯಲ್ಲಿ, ತೆಂಗಿನಕಾಯಿ ಚೀಲದೊಳಗೆ ನಿದ್ದೆ ಮಾಡುತ್ತಿದ್ದ ಈ ಕಂದು ಮರಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದವರು ಅವರೇ.

ರುಕ್ಮಿಣಿ ಅತ್ತೆಗೆ ಬೇರೆಯೇ ಚಿಂತೆ. ಅತ್ತೆ ಅಪ್ಪನ ಅಕ್ಕ. ಅವ್ವ ಹೋದಾಗಿನಿಂದ ಈ ಮನೆ ನಡೆಸುವವಳು ಅವಳೇ. "ಹುಡುಗಿ ನೋಡಾಕ ಮಂದಿ ಬರೋ ಮನಿ ಇದು, ಬಕ್ಕಪ್ಪಾ. ಇಂಥಾ ನಾಯಿ ಇದ್ರ ಯಾರು ಹೆಣ್ಣು ತಗೋತಾರ? ಊರ ಹೊರಗ ಬಿಟ್ಟು ಬಾ." ಹೀಗೆ ಅಪ್ಪನಿಗೆ ಬೈಯುತ್ತಲೇ ತನ್ನ ಹಳೇ ಸೀರೆಯ ತುಂಡು ತಂದು ಭೂರ್ಯಾನ ಬಾಯಿ ಒರೆಸಿದಳು.

ಅತ್ತೆ ಹೇಳುವುದು ಸುಳ್ಳಲ್ಲ. ಈಗಾಗಲೇ ಎರಡು ಕಡೆಯವರು ಬಂದು, ಬಣ್ಣ ಕಮ್ಮಿ ಅಂತ ಹೋಗಿದ್ದಾರೆ. ನನ್ನಿಂದ ಅಪ್ಪನಿಗೆ ಇನ್ನೂ ತಲೆಬಿಸಿ ಆಗಬಾರದು. ಆದರೆ ಊರ ಹೊರಗೆ ಬಿಟ್ಟರೆ ಅವನು ಬಿದ್ದಾಗ ಯಾರು ನೋಡುತ್ತಾರೆ?

ಜೂನ್ ೧೯, ಸೋಮವಾರ

ಹಗ್ಗ ಕಟ್ಟಿ ಭೂರ್ಯಾನನ್ನು ಹುಮನಾಬಾದಿನ ದನದ ದವಾಖಾನೆಗೆ ನಡೆಸಿಕೊಂಡು ಹೋದೆ. ಎಮ್ಮೆ, ಎತ್ತು, ಹೋರಿಗಳ ನಡುವೆ ನಮ್ಮದೊಂದೇ ನಾಯಿ. "ಇದು ಎಷ್ಟು ಲೀಟರ್ ಹಿಂಡತದವ್ವಾ?" ಅಂತ ಒಬ್ಬ ಕೇಳಿದ. ಎಲ್ಲರೂ ನಕ್ಕರು. ನನಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ಭೂರ್ಯಾ ಮಾತ್ರ ಬಾಲ ಅಲ್ಲಾಡಿಸಿದ.

ಡಾಕ್ಟರು ದೇವಿದಾಸ ಅಂತ, ಘಾಟಬೋರಾಳದವರು, ಹೊಸದಾಗಿ ಬಂದಿದ್ದಾರೆ. ಅವರು ನಗಲಿಲ್ಲ. ನೆಲದ ಮೇಲೆ ಕೂತು ಅವನ ಕಣ್ಣು, ಬಾಯಿ ನೋಡಿದರು. ಬೀಳುವ ಮೊದಲು ಹೇಗಿರುತ್ತಾನೆ, ಎದ್ದ ಮೇಲೆ ಏನು ಮಾಡುತ್ತಾನೆ ಅಂತ ಒಂದೊಂದೇ ಕೇಳಿದರು.

"ಹುಚ್ಚಲ್ರಿ ಇದು. ಮೂರ್ಛಿ ರೋಗ. ಮನುಷ್ಯಾರಿಗಿ ಬರ್ತದಲ್ಲ, ಹಂಗ. ಜೀವ ಇರೋ ತನಕ ಗುಳಿಗಿ ಕೊಡಬೇಕಾಗ್ತದ. ಆದ್ರ ಜೀವ ಇರ್ತದ."

ನನಗೆ ಅಳು ಬಂತು. ಅವರು ಚೀಟಿ ಬರೆದರು. "ಇದು ನಮ್ಮ ದವಾಖಾನ್ಯಾಗ ಬರಂಗಿಲ್ಲ. ಮನುಷ್ಯಾರ ಔಷಧ ಅಂಗಡ್ಯಾಗ ಸಿಗ್ತದ, ಭಾಳ ಅಗ್ಗ. ಮುಂಜಾನಿ ಒಂದು, ಸಂಜೀಕ ಒಂದು. ಒಂದು ಮಾತು ನೆನಪಿಡ್ರಿ. ಸುರು ಮಾಡಿದ ಮ್ಯಾಲ ಒಮ್ಮಿಗೇ ಬಿಡಬಾರದು. ಬಿಟ್ರ ಮೊದಲಿಗಿಂತ ಜೋರ ಬರ್ತದ. ಜೀವಾನೂ ಹೋಗಬಹುದು."

ಜೂನ್ ೨೦, ಮಂಗಳವಾರ

ನರಸಿಂಗಣ್ಣ ಗುಳಿಗೆ ಕೊಡಲಿಲ್ಲ. ಅವನ ಔಷಧ ಅಂಗಡಿಗೆ ನಾವು ಎಷ್ಟೋ ವರ್ಷದ ಗಿರಾಕಿಗಳು. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ.

"ಇದು ದನದ ಡಾಕ್ಟರ ಚೀಟಿ. ಗುಳಿಗಿ ಮನುಷ್ಯಾರ್ದು, ಅದೂ ನಿದ್ದಿ ಬರೋ ಜಾತಿದು. ನಾಳಿ ಇನ್ಸ್‌ಪೆಕ್ಟರ್ ಬಂದ್ರ ನಾಯಿಗಿ ಮಾರೀನಿ ಅಂತ ಹೇಳ್ಲೇನು? ಅಂಗಡಿಗಿ ಕೀಲಿ ಬೀಳ್ತದ ತಂಗಿ."

ನಾನು ತಲೆ ತಗ್ಗಿಸಿ ಬಂದೆ. ಡಾಕ್ಟರ ಹತ್ತಿರ ಹೋಗಿ ಹೇಳಲು ಸಂಕೋಚ. ಅಪ್ಪ ಮಾಲು ತರಲು ಹೈದರಾಬಾದಿಗೆ ಹೋಗಿದ್ದಾರೆ.

ಜೂನ್ ೨೪, ಶನಿವಾರ

ಇವತ್ತು ಮುಂಜಾನೆ ಒಂದರ ಹಿಂದೆ ಒಂದು ಬಂತು. ಒಂದು ಮುಗಿದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು. ಅತ್ತೆ ಅವನ ತಲೆಯ ಕೆಳಗೆ ಕೈ ಇಟ್ಟುಕೊಂಡು ಮಾಣಿಕಪ್ರಭುವಿನ ಹೆಸರು ಹೇಳುತ್ತ ಕೂತಳು. ನಾನು ಚಪ್ಪಲಿ ಸಹ ಮೆಟ್ಟದೆ ಸೈಫುದ್ದೀನ್ ಡಾಕ್ಟರ ಹತ್ತಿರ ಓಡಿದೆ. ಚಿಕ್ಕಂದಿನಿಂದ ನನ್ನ ಕೆಮ್ಮು-ಜ್ವರಕ್ಕೆಲ್ಲ ಅವರೇ ಔಷಧ ಕೊಟ್ಟವರು.

"ಬೇಟಾ, ನಾ ಬರದ್ರ ನರಸಿಂಗ ಕೊಡ್ತಾನ. ಆದ್ರ ಮನುಷ್ಯಾರ ಹೆಸರಲೆ ಬರೀಬೇಕಾಗ್ತದ. ಯಾರ ಹೆಸರು?"

"ನಂದೇ ಬರೀರಿ, ಮುಕ್ತಾಬಾಯಿ ಅಂತ."

ಅವರು ಪೆನ್ನು ಕೆಳಗಿಟ್ಟರು. "ನೀ ಲಗ್ನದ ಹುಡುಗಿ. ಇದು ಫಿಟ್ಸಿನ ಗುಳಿಗಿ. ವಿಚಾರ ಮಾಡು."

"ಅವ ಅಂಗಳದಾಗ ಬಿದ್ದಾನ್ರಿ."

ನಿಟ್ಟುಸಿರು ಬಿಟ್ಟು ಬರೆದರು. "ಗುಳಿಗಿ ಅಗ್ಗ, ಚೀಟಿ ತುಟ್ಟಿ. ಎಂಥಾ ಕಾಲ" ಅಂದರು.

ಅತ್ತೆಯ ಹೆಸರು ಹೇಳಬಹುದಿತ್ತಲ್ಲ ಅಂತ ಹೊಳೆದದ್ದು ಗುಳಿಗೆ ತೆಗೆದುಕೊಂಡು ಮನೆಗೆ ಬರುವಾಗ. ನರಸಿಂಗಣ್ಣ ಚೀಟಿ ಓದಿ, ನನ್ನ ಮುಖ ನೋಡಿ, "ಈಗ ಸರಿ ಅದ" ಅಂದಿದ್ದ. ಯಾರ ಗುಳಿಗೆ ಅಂತ ಅವನಿಗೆ ಗೊತ್ತಿಲ್ಲದೆ ಇಲ್ಲ. ಮನೆ ಮುಟ್ಟಿದಾಗ ಮೂರ್ಛೆ ನಿಂತಿತ್ತು, ಭೂರ್ಯಾನಿಗೆ ಮೊದಲ ಗುಳಿಗೆ ನುಂಗಿಸಿದೆ.

ಜುಲೈ ೨, ಭಾನುವಾರ

ಭೂರ್ಯಾ ಸೇಂದಿ ಕುಡಿದವರಂತೆ ನಡೆಯುತ್ತಾನೆ. ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ. ಮೊದಲ ವಾರಗಳಲ್ಲಿ ಹೀಗೇ ಅಂತ ದೇವಿದಾಸ ಡಾಕ್ಟರು ಹೇಳಿದ್ದಾರೆ. ಹಸಿವೋ ಹಸಿವು. ಅತ್ತೆ ತಟ್ಟಿದ ರೊಟ್ಟಿ ಬುಟ್ಟಿಗೆ ಬೀಳುವ ಮೊದಲೇ ಅವನ ಮೂತಿ ಅಲ್ಲಿರುತ್ತದೆ. ಬರೀ ಗುಳಿಗೆ ಕೊಟ್ಟರೆ ಕೆನ್ನೆಯಲ್ಲಿ ಅಡಗಿಸಿಟ್ಟು, ನಾನು ಆಚೆ ಹೋದ ಮೇಲೆ ಉಗುಳುತ್ತಾನೆ, ಕಳ್ಳ. ಬೆಲ್ಲ ಸವರಿದ ರೊಟ್ಟಿ ಚೂರಿನಲ್ಲಿ ಇಟ್ಟರೆ ನುಂಗುತ್ತಾನೆ.

ಅಪ್ಪ ಬಂದು ಚೀಟಿಯ ವಿಷಯ ಕೇಳಿ ಸಿಟ್ಟಾದರು. "ನನ್ನ ಹೆಸರು ಹೇಳಬಾರದಾಗಿತ್ತೇನು?" ಆಮೇಲೆ ಅವರೇ ಭೂರ್ಯಾನ ಪಕ್ಕ ಕೂತು, "ಇನ್ನ ನೀನೂ ನಮ್ಮ ಮುಕ್ತಾಬಾಯಿ ಆದೆಲ್ಲೋ" ಅಂದರು.

ಜುಲೈ ೨೩

ಒಮ್ಮೆಯೂ ಬಿದ್ದಿಲ್ಲ. ಹೊಡೆದು ಹಾಕ್ರಿ ಅಂದವರ ಮೊಮ್ಮಗಳು ಅವನ ಕಿವಿ ಹಿಡಿದು ಆಡುತ್ತಾಳೆ.

ಆಗಸ್ಟ್ ೧೩, ಭಾನುವಾರ

ಬಸವಕಲ್ಯಾಣದವರು ಬಂದು ಹೋದರು. ಪೇಟೆಯಲ್ಲಿ ಅವರದು ಧಾನ್ಯದ ಅಡತಿ ಅಂಗಡಿ. ಹುಡುಗನ ಹೆಸರು ವೈಜನಾಥ. ತಾಯಿ ಸುಂದರಬಾಯಿ ಜೊತೆಗೆ ಬಂದಿದ್ದ. ತಂದೆ ಇಲ್ಲ.

ಅತ್ತೆ ನನಗೆ ಪೌಡರು ಹಚ್ಚಿ ಹಚ್ಚಿ ಹಿಟ್ಟಿನ ಗಿರಣಿಯಿಂದ ಬಂದವಳಂತೆ ಮಾಡಿದಳು. ಹಸಿರು ಸೀರೆಯಲ್ಲಿ ಕಪ್ಪಾಗಿ ಕಾಣುತ್ತೇನೆ ಅಂತ ಹಳದಿ. ಸುಂದರಬಾಯಿ ನಡೆಸಿ ನೋಡಿದರು, ನಾನು ಹೊಲಿದ ಕುಪ್ಪಸ ತಿರುವಿ ಹೊಲಿಗೆ ನೋಡಿದರು, ಒಂದು ಭಜನೆ ಹೇಳು ಅಂದರು. ಒಂದು ಸಾಲು ಹೇಳಿದೆ. ಅಷ್ಟರಲ್ಲಿ ಹಿತ್ತಲಲ್ಲಿ ಕಟ್ಟಿಹಾಕಿದ್ದ ಭೂರ್ಯಾ ಹಗ್ಗ ಬಿಡಿಸಿಕೊಂಡು ಬಂದು ಹುಡುಗನ ಪಾದದ ಮೇಲೆ ತಲೆ ಇಟ್ಟು ಮಲಗಿಬಿಟ್ಟ. ಅತ್ತೆಗೆ ಜೀವ ಹೋದಂತಾಯಿತು. ಹುಡುಗ ಮಾತ್ರ ಹೊರಡುವವರೆಗೆ ಆ ಕಾಲು ಅಲ್ಲಾಡಿಸಲಿಲ್ಲ.

ದೇವರೇ, ಈ ಸಲವಾದರೂ ಅವರು ಒಪ್ಪಲಿ. ಅವರು ಏನು ಹೇಳಿದರೂ ಹೂಂ ಅನ್ನುತ್ತೇನೆ.

ಆಗಸ್ಟ್ ೨೦

ಒಪ್ಪಿದ್ದಾರೆ! ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪನ ಅಂಗಡಿಯ ಪಕ್ಕದಲ್ಲಿ ಹೂವು ಮಾರುವ ಮುನ್ನಿ ಬೀ ಒಂದು ಮಾರು ಮಲ್ಲಿಗೆ ಕಳಿಸಿದ್ದಾಳೆ. ದಸರೆಯ ಸುಮಾರಿಗೆ ಮಾತುಕತೆ.

ಆಗಸ್ಟ್ ೩೧, ಗುರುವಾರ



ಗುಳಿಗೆ ಮುಗಿದಿತ್ತು. ನರಸಿಂಗಣ್ಣನ ಅಂಗಡಿಗೆ ಹೋದರೆ ಅಲ್ಲಿ ಸುಂದರಬಾಯಿ! ಗುರುವಾರವಲ್ಲವೇ, ಮಠಕ್ಕೆ ದರ್ಶನಕ್ಕೆ ಬಂದಿದ್ದರು, ತಲೆನೋವಿನ ಮುಲಾಮು ಕೊಳ್ಳುತ್ತಿದ್ದರು. ನನ್ನನ್ನು ನೋಡಿ ಗಲ್ಲ ಸವರಿದರು. ಅಷ್ಟರಲ್ಲಿ ನರಸಿಂಗಣ್ಣ ರೂಢಿಯಂತೆ ಪೊಟ್ಟಣ ಮುಂದೆ ಹಿಡಿದು, "ತಗೋ ಮುಕ್ತಾಬಾಯಿ, ನಿನ್ನ ಫಿಟ್ಸಿನ ಗುಳಿಗಿ" ಅಂದ.

ಸುಂದರಬಾಯಿಯ ಕೈ ನನ್ನ ಗಲ್ಲದಿಂದ ಹಿಂದೆ ಸರಿಯಿತು.

"ನಮ್ಮ ನಾಯಿದ್ರಿ ಅವು" ಅಂದೆ.

"ನಾಯಿಗಿ ಫಿಟ್ಸೇನು?" ಅವರು ನರಸಿಂಗಣ್ಣನ ಕಡೆ ತಿರುಗಿದರು. "ಚೀಟಿ ಯಾರ ಹೆಸರಲೆ ಅದ?"

ಅವನಿಗೆ ಎಲ್ಲ ಗೊತ್ತಿತ್ತು. ಹೇಳಿದರೆ ತಾನೇ ಸುಳ್ಳು ಹೆಸರಿಗೆ ಮಾರಿದ್ದು ಅಂತ ಬಯಲಾಗುತ್ತದೆ. ಛಾವಣಿ ನೋಡುತ್ತ, "ಚೀಟಿಮ್ಯಾಲ ಇದ್ದದ್ದಷ್ಟೇ ನನಗ ಗೊತ್ರಿ. ಮುಕ್ತಾಬಾಯಿ ಅಂತ ಅದ" ಅಂದ.

ಅವರು ಮುಲಾಮನ್ನೂ ಬಿಟ್ಟು ಇಳಿದು ಹೋದರು.

ಸೆಪ್ಟೆಂಬರ್ ೩, ಭಾನುವಾರ

ಅಪ್ಪ ಸೈಫುದ್ದೀನ್ ಡಾಕ್ಟರನ್ನೇ ಕರೆದುಕೊಂಡು ಬಸವಕಲ್ಯಾಣಕ್ಕೆ ಹೋಗಿದ್ದರು. ಡಾಕ್ಟರು ಇದ್ದದ್ದು ಇದ್ದ ಹಾಗೆ ಹೇಳಿದರಂತೆ. "ನೀವು ಅವರ ಮನಿ ಡಾಕ್ಟರು, ಅವರ ಪರವೇ ಹೇಳ್ತೀರಿ" ಅಂದರಂತೆ ಸುಂದರಬಾಯಿ. ಕೊನೆಗೆ ಒಂದು ಮಾತು ಕೊಟ್ಟಿದ್ದಾರೆ: ಮುಂದಿನ ಭಾನುವಾರ ಬರುತ್ತಾರೆ. ನಾಯಿ ಬೀಳುವುದನ್ನು ಕಣ್ಣಾರೆ ಕಂಡರೆ ನಂಬುತ್ತಾರೆ.

ಹುಡುಗ ಏನಂದ ಅಂತ ಕೇಳಿದೆ. ಅವನು ಏನೂ ಅನ್ನಲಿಲ್ಲವಂತೆ.

ಸೆಪ್ಟೆಂಬರ್ ೫, ಮಂಗಳವಾರ

ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. "ನೋಡು, ಇವತ್ತಿನಿಂದ ಗುಳಿಗಿ ಬಂದ್ ಮಾಡು. ಭಾನುವಾರದ ತನಕ ತಾನ ಬೀಳ್ತದ. ಅವರು ನೋಡ್ಲಿ. ಮರುದಿನ ಮತ್ತ ಸುರು ಮಾಡು. ಒಂದು ನಾಯಿ ನಾಲ್ಕು ಸರ್ತಿ ಬಿದ್ರ ನಿನ್ನ ಬಾಳೇವು ನೆಟ್ಟಗಾಗ್ತದವ್ವ." ಹೇಳುವಾಗ ಅವಳ ಕಣ್ಣಲ್ಲೂ ನೀರಿತ್ತು. ಅವಳಿಗೆ ಖುಷಿಯೇನಿಲ್ಲ.

ಸಂಜೆ ಗುಳಿಗೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಭೂರ್ಯಾ ಎದುರಿಗೆ ಕೂತು ಬೆಲ್ಲದ ವಾಸನೆಗೆ ಜೊಲ್ಲು ಸುರಿಸುತ್ತಿದ್ದ. ಅವನಿಗೆ ಇದು ತಿನಿಸು. ಮುಕ್ತಾ ಕೊಡುತ್ತಾಳೆ, ತಾನು ತಿನ್ನುತ್ತೇನೆ, ಅಷ್ಟೇ ಅವನಿಗೆ ಗೊತ್ತು.

ಕೊಟ್ಟೆ.

ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಇನ್ನು ಅಲ್ಲೇ ಇರುತ್ತದೆ.

ಸೆಪ್ಟೆಂಬರ್ ೭

ಅತ್ತೆ ಮಾತು ಬಿಟ್ಟಿದ್ದಾಳೆ. ಅಪ್ಪ ದೇವಿದಾಸ ಡಾಕ್ಟರನ್ನು ಕೇಳಿಬಂದರು. ಅವರು ಮೊದಲು ಹೇಳಿದ್ದನ್ನೇ ಹೇಳಿದ್ದಾರೆ: ಒಮ್ಮೆಗೇ ಬಿಟ್ಟರೆ ಜೀವ ಹೋಗಬಹುದು. ಅಪ್ಪ ಗುಳಿಗೆ ಕೊಡು ಅಂತಲೂ ಹೇಳಲಿಲ್ಲ, ಬಿಡು ಅಂತಲೂ ಹೇಳಲಿಲ್ಲ. "ನಿನಗ ಹ್ಯಾಂಗ ಸರಿ ಕಾಣ್ತದ ಹಂಗ ಮಾಡವ್ವ" ಅಂದರು.

ಸೆಪ್ಟೆಂಬರ್ ೧೦, ಭಾನುವಾರ

ತಾಯಿ-ಮಗ ಮುಂಜಾನೆಯ ಬಸ್ಸಿಗೇ ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿದೆವು. ನಡುವೆ ಭೂರ್ಯಾ. ಎಲ್ಲರೂ ಅವನನ್ನೇ ನೋಡುತ್ತ ಕೂತೆವು.

ಭೂರ್ಯಾ ಆಕಳಿಸಿದ. ಎದ್ದು ಮೈ ಜಾಡಿಸಿದ. ಸುಂದರಬಾಯಿ ಮುಂದಕ್ಕೆ ಬಾಗಿದರು. ಅವನು ಕಿವಿ ಕೆರೆದುಕೊಂಡ. ಒಂದು ನೊಣದ ಹಿಂದೆ ಬಾಗಿಲ ತನಕ ಹೋಗಿ ಬಂದ. ಚಹಾ ಆಯಿತು, ಅವಲಕ್ಕಿ ಆಯಿತು. ಅವಲಕ್ಕಿಯ ತಟ್ಟೆ ಕಂಡು ವೈಜನಾಥನ ಮುಂದೆ ಕೂತು ಕೈಯೆತ್ತಿದ. ಆಮೇಲೆ ಅಂಗಾತ ಮಲಗಿ ಗೊರಕೆ ಹೊಡೆದ. ಇಷ್ಟು ಮಂದಿ ತನ್ನನ್ನೇ ನೋಡಲು ಬಂದಿರುವುದು ಅವನಿಗೆ ಬಹಳ ಇಷ್ಟವಾಗಿತ್ತು.

ಊಟದ ಹೊತ್ತಾಯಿತು. ಸುಂದರಬಾಯಿ ನನ್ನ ಕಡೆ ತಿರುಗಿದರು. "ಇವತ್ತ ಗುಳಿಗಿ ಕೊಟ್ಟಿಯೇನು?"

ಅತ್ತೆ ಬೇಡ ಅಂತ ಕಣ್ಣಲ್ಲೇ ಹೇಳಿದಳು.

"ಹೌದ್ರಿ. ಮುಂಜಾನಿ ಕೊಟ್ಟೀನಿ. ದಿನಾ ಕೊಟ್ಟೀನಿ."

"ಅಂದ್ರ ಬೀಳಂಗಿಲ್ಲ ಅಂತ ಗೊತ್ತಿದ್ದೇ ಕೊಟ್ಟಿ. ಮತ್ತ ನಾವು ಯಾಕ ಬಂದೇವು?"

ನಾನು ಎಂದೂ ಹಿರಿಯರ ಎದುರು ಮಾತಾಡಿದವಳಲ್ಲ. ಆದರೆ ಮಾತು ತಾನೇ ಬಂತು. "ನನ್ನ ಮಾತಿನ ಮ್ಯಾಲ ನಂಬಿಗಿ ಇದ್ರ ನಂಬ್ರಿ. ನಂಬಸಾಕ ಅಂತ ಅದನ್ನ ಬೀಳಸಂಗಿಲ್ರಿ ನಾ. ಬೀಳೂದು ನೀವು ನೋಡೋ ಆಟ ಅಲ್ಲ. ಒಮ್ಮಿ ಬಿದ್ರ ಮತ್ತ ಏಳಲಿಕ್ಕಿಲ್ಲ."

ಸುಂದರಬಾಯಿ ಎದ್ದರು. ಊಟ ಮಾಡದೆ ಹೊರಟರು. ಅತ್ತೆ ಅವರ ಹಿಂದೆಯೇ ಬಾಗಿಲ ತನಕ ಹೋಗಿ ಬೇಡಿಕೊಂಡಳು. ವೈಜನಾಥ ಹಿಂದೆ ಉಳಿದು ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಕಡೆ ನೋಡಿದ. ಏನೋ ಹೇಳುತ್ತಾನೆ ಅಂದುಕೊಂಡೆ. ಹೇಳಲಿಲ್ಲ.

ಸೆಪ್ಟೆಂಬರ್ ೧೫

ಬೇಡ ಅಂತ ಹೇಳಿಕಳಿಸಿದ್ದಾರೆ. ಒಂದು ಹೊತ್ತು ಅಳುತ್ತ ಮಲಗಿದ್ದೆ. ಆಮೇಲೆ ನಾಲ್ಕು ಕುಪ್ಪಸ ಹೊಲಿದು ಕೊಡುವುದಿತ್ತು, ಕೂತು ಮುಗಿಸಿದೆ.

ಸೆಪ್ಟೆಂಬರ್ ೨೮, ಗುರುವಾರ

ಮಧ್ಯಾಹ್ನ ನರಸಿಂಗಣ್ಣ ಮನೆಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ಕೂತ. ಅಪ್ಪ ಅವನಿಗೆ ಒಂದು ದಿನವೂ ಬೈದಿಲ್ಲ. ದಾರಿಯಲ್ಲಿ ಸಿಕ್ಕರೆ ಮೊದಲಿನ ಹಾಗೇ ನಮಸ್ಕಾರ ಅನ್ನುತ್ತಾರೆ. ಅದೇ ಅವನಿಗೆ ತಡೆಯಲಾಗಲಿಲ್ಲವಂತೆ.

"ಕಾಕಾ, ಕಾಲಾಗಿನ ಜೋಡಿಂದ ಹೊಡದಿದ್ರ ನಿದ್ದಿ ಬರ್ತಿತ್ತು ನನಗ. ಆವತ್ತ ಒಂದು ಮಾತು ಹೇಳಿದ್ರ ಮುಗೀತಿತ್ತು. ಬಾಯಿ ಬರಲಿಲ್ಲ."

ಅವನು ಬೀದರಕ್ಕೆ ಹೋಗಿ ಔಷಧ ಕಚೇರಿಯಲ್ಲಿ ಕೇಳಿ ಬಂದಿದ್ದಾನೆ. ದನದ ಡಾಕ್ಟರ ಚೀಟಿಗೂ ಗುಳಿಗೆ ಕೊಡಬಹುದಂತೆ. ಪ್ರಾಣಿಗೆ ಅಂತ ಬರೆದು ಕೊಟ್ಟರೆ ಆಯಿತಂತೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ದೇವಿದಾಸ ಡಾಕ್ಟರ ಹತ್ತಿರ ಹೊಸ ಚೀಟಿ ಬರೆಸಿಕೊಂಡು ಗುಳಿಗೆಯನ್ನೂ ತಂದಿದ್ದ. ಪೊಟ್ಟಣದ ಮೇಲೆ ಕೆಂಪು ಶಾಯಿಯಲ್ಲಿ, 'ಪ್ರಾಣಿಗೆ ಮಾತ್ರ.' ರೋಗಿಯ ಹೆಸರು ಭೂರ್ಯಾ.

"ಮಾಲಕರ ಹೆಸರು ಬರ್ಕೋಬೇಕು. ಯಾರ್ದು ಹಾಕ್ಲಿ? ಮುಕ್ತಾ..."

ಒಳಗಿನಿಂದ ಅತ್ತೆಯ ಕೂಗು. "ಆಕಿ ಹೆಸರು ಮತ್ತ ಬರದ್ರ ಕೈ ಮುರೀತೀನಿ! ನಂದು ಬರಿ. ರುಕ್ಮಿಣಿಬಾಯಿ. ನಾಯಿ ನಂದು."

ಅಪ್ಪ ನಕ್ಕ ನಗೆಗೆ ಭೂರ್ಯಾ ಎದ್ದು ಬೊಗಳಿದ. ಅತ್ತೆ ನರಸಿಂಗಣ್ಣನಿಗೆ ಚಹಾ ತಂದುಕೊಟ್ಟಳು. ಎಷ್ಟೋ ದಿನದ ಮೇಲೆ ನನ್ನ ಜೊತೆಗೂ ಮಾತಾಡಿದಳು. ಚಹಾಕ್ಕೆ ಸಕ್ಕರೆ ಸಾಲದು ಅಂತ ಬೈದಳು.

ಅಕ್ಟೋಬರ್ ೨೦

ಬರೆಯಲು ಹೊತ್ತೇ ಸಿಗುತ್ತಿಲ್ಲ. ನಿನ್ನೆ ಟಾಂಗಾದವನ ಕುದುರೆಯ ಗಾಯಕ್ಕೆ ಪುಡಿ, ಇವತ್ತು ಮಾಸ್ತರರ ಗಿಣಿಯ ಕಣ್ಣಿಗೆ ಹನಿ. ಯಾವ ಡಾಕ್ಟರು, ಯಾವ ಅಂಗಡಿ, ಚೀಟಿಯಲ್ಲಿ ಏನು ಬರೆಸಬೇಕು ಅಂತ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಹೈದರಾಬಾದಿನಿಂದ ತರಿಸಿದರೆ ತುಟ್ಟಿ ಬೀಳುವ ಒಂದು ಮುಲಾಮಿಗೆ ಬದಲು ಇಲ್ಲೇ ಸಿಗುವ ಅಗ್ಗದ್ದು ಯಾವುದು ಅಂತ ದೇವಿದಾಸ ಡಾಕ್ಟರನ್ನು ಕೇಳಿ ಬಂದೆ. ದವಾಖಾನೆಯಲ್ಲಿ ಈಗ ಎಮ್ಮೆಯವರು ಸರಿದು ನನಗೆ ಜಾಗ ಬಿಡುತ್ತಾರೆ.

ಹೊಲಿಗೆ ಬಹಳ ಉಳಿದಿದೆ. ಅತ್ತೆ ಹಳದಿ ಸೀರೆ ಉಡು ಅಂದಳು, ಹೊರಗೆ ಹೋಗುವಾಗ ಹಸಿರು ಉಟ್ಟೆ. ಅದೇ ಕೈಗೆ ಸಿಕ್ಕಿತು.

ನವೆಂಬರ್ ೧೩, ಸೋಮವಾರ

ಮುಂಜಾನೆ ಮುನ್ನಿ ಬೀ ಬುಟ್ಟಿಯಲ್ಲಿ ಬೆಕ್ಕು ತಂದಿದ್ದಳು. ಬಾಲಕ್ಕೆ ಗಾಯ, ಹುಳ ಬಿದ್ದಿದೆ. "ಬೇಟಿ, ನನ್ನ ಮಾತು ಆ ದವಾಖಾನ್ಯಾಗ ಯಾರು ಕೇಳ್ತಾರ? ನೀ ಬಾ" ಅಂದಳು. ಅಂಗಡಿ ಬಿಟ್ಟು ಬರಲು ಅವಳಿಗೆ ಆಗದು. ನಾನೇ ಒಯ್ಯುತ್ತೇನೆ ಅಂದೆ.

ಬುಟ್ಟಿ ಎತ್ತಿಕೊಂಡು ಬಾಗಿಲು ದಾಟುತ್ತಿದ್ದೆ, ಎದುರಿಗೆ ವೈಜನಾಥ. ಒಬ್ಬನೇ ಬಂದಿದ್ದ. ಅತ್ತೆ ನೋಡಿ ಸೆರಗು ಸರಿಪಡಿಸಿಕೊಂಡು ಒಳಗೆ ಓಡಿದಳು, ಅಪ್ಪನಿಗೆ ಹೇಳಿಕಳಿಸಲು ಇರಬೇಕು.

"ಔಷಧ ಅಂಗಡಿ ನರಸಿಂಗಣ್ಣ ನಮ್ಮ ಮನಿಗಿ ಬಂದಿದ್ದ. ಎಲ್ಲಾ ಹೇಳಿದ. ಅವ್ವ ಕೇಳಿ ಅತ್ತಳು. ಆಕಿಗಿ ಈಗ ಪೂರಾ ಒಪ್ಪಿಗಿ ಅದ" ಅಂದ.

"ನಿಮಗ ಯಾವಾಗ ನಂಬಿಗಿ ಬಂತ್ರಿ?"

"ನನಗ ಆವತ್ತೇ ಇತ್ತು. ನೀವು ದಿನಾ ಕೊಟ್ಟೀನಿ ಅಂದಾಗ."

"ಮತ್ತ ಆವತ್ತೇ ಯಾಕ ಹೇಳಲಿಲ್ಲ?"

"ಧೈರ್ಯ ಆಗಲಿಲ್ರಿ" ಅಂದ.

ನೆಪ ಹೇಳಿದ್ದರೆ ಸಿಟ್ಟು ಬರುತ್ತಿತ್ತು. ಹೇಳಲಿಲ್ಲ. "ನಾ ವಿಚಾರ ಮಾಡಿ ಹೇಳ್ತೀನ್ರಿ" ಅಂದೆ. ಬಾಗಿಲ ಹಿಂದೆ ನಿಂತಿದ್ದ ಅತ್ತೆ, "ಅಯ್ಯ, ಹುಡುಗಿ ವಿಚಾರ ಮಾಡೂದಂದ್ರ ಏನು?" ಅಂತ ಗಟ್ಟಿಯಾಗಿಯೇ ಅಂದಳು.

ಅವನು ನಕ್ಕ. ಅವನ ನಗೆ ಕಂಡದ್ದು ಇದೇ ಮೊದಲು. "ಎಲ್ಲಿಗಿ ಹೊಂಟೀರಿ?" ಅಂದ. ದನದ ದವಾಖಾನೆಗೆ ಅಂದೆ. ಬುಟ್ಟಿ ತಾನು ಹಿಡಿಯುತ್ತೇನೆ ಅಂತ ಕೈಚಾಚಿದ. ಬೆಕ್ಕು ಸಿಟ್ಟಿನದು, ಮುಚ್ಚಳ ಗಟ್ಟಿ ಹಿಡೀರಿ ಅಂದೆ. ಅವನು ಹಿಡಿಯಲಿಲ್ಲ, ಮಠದ ತಿರುವಿನಲ್ಲಿ ಅದು ಅವನ ಮುಂಗೈ ಉದ್ದಕ್ಕೂ ಗೀರಿತು. ಆದರೂ ಬುಟ್ಟಿ ಕೆಳಗಿಡಲಿಲ್ಲ.

ದೇವಿದಾಸ ಡಾಕ್ಟರು ಮೊದಲು ಬೆಕ್ಕಿನ ಬಾಲಕ್ಕೆ, ಆಮೇಲೆ ಅವನ ಕೈಗೆ ಟಿಂಕ್ಚರ್ ಹಚ್ಚಿದರು. ಎರಡನೆಯದಕ್ಕೇ ಹೆಚ್ಚು ಕೂಗು. ಎಮ್ಮೆಯವರೆಲ್ಲ ನಕ್ಕರು, ನಾನೂ ನಕ್ಕೆ. ಅವನು ಸಂಜೆಯ ಬಸ್ಸಿಗೆ ಹೋದ. ಬರುವ ಸೋಮವಾರ ಬೆಕ್ಕನ್ನು ಮತ್ತೆ ತೋರಿಸಬೇಕು. ಬುಟ್ಟಿ ಹಿಡಿಯಲು ಬರುತ್ತೇನೆ ಅಂದಿದ್ದಾನೆ. ಬರಲಿ. ನಾನಿನ್ನೂ ವಿಚಾರ ಮಾಡುತ್ತಿದ್ದೇನೆ.